ಬಣ್ಣಕ್ಕೆ ಮುನ್ನ ಹೊಳಪಿನ ಪಟ್ಟಿ: ಹಳೆಯ ಕಾರಿನ ಕ್ರೋಮ್ ಬಿಚ್ಚುವ ಕ್ರಮ

ಕೊಡಗಿನ ಹಳೆಯ ತೋಟದ ಮನೆಗಳ ಶೆಡ್ಡುಗಳಲ್ಲಿ ಒಂದು ಅಂಬಾಸಿಡರ್, ಒಂದು ಫಿಯಟ್ ಅಥವಾ ಒಂದು ಜೀಪು ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ನಿಂತಿರುವುದು ಇಂದಿಗೂ ಅಪರೂಪವಲ್ಲ. ಅದಕ್ಕೆ ಹೊಸದಾಗಿ ಬಣ್ಣ ಹೊಡೆಸಿ ಮತ್ತೆ ರಸ್ತೆಗೆ ಇಳಿಸಬೇಕೆಂದು ಮನೆಯವರು ನಿರ್ಧರಿಸಿದಾಗ ಮೊದಲು ಚರ್ಚೆಯಾಗುವುದು ಯಾವ ಬಣ್ಣ ಎಂಬುದು, ಅನಂತರ ಎಷ್ಟು ಖರ್ಚು ಎಂಬುದು. ಬಂಪರ್, ಗ್ರಿಲ್, ಬಾಗಿಲಿನ ಹಿಡಿ, ಹೆಡ್‌ಲೈಟಿನ ಬಳೆ, ಬದಿಯ ಉದ್ದಪಟ್ಟಿ, ಹೆಸರಿನ ಅಕ್ಷರಗಳು ಹೀಗೆ ಕಾರಿನ ಮೈಮೇಲೆ ಹೊಳೆಯುವ ಭಾಗಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಟೇಪು ಅಂಟಿಸಿ ಬಣ್ಣ ಹೊಡೆಯೋಣ. ಆ ಉತ್ತರ ಏಕೆ ಸರಿಯಲ್ಲ, ಹಾಗಾದರೆ ಆ ಭಾಗಗಳನ್ನು ಮುರಿಯದೆ, ಬಗ್ಗಿಸದೆ ಬಿಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಕಾರ್ಖಾನೆಯಿಂದ ಬಂದ ಬಣ್ಣದ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಒಂದೂವರೆ ಅಥವಾ ಎರಡು ಪಟ್ಟು. ಟೇಪು ಅಂಟಿಸಿ ಸ್ಪ್ರೇ ಮಾಡಿದಾಗ ಹೊಸ ಬಣ್ಣ ಪಟ್ಟಿಯ ಅಂಚಿಗೆ ಬಂದು ಒಂದು ಸಣ್ಣ ಮೆಟ್ಟಿಲಿನಂತೆ ನಿಲ್ಲುತ್ತದೆ. ಟೇಪು ಕೀಳುವಾಗ ಆ ಅಂಚು ನೇರವಾಗಿ ಕತ್ತರಿಸಿಕೊಳ್ಳದೆ ಹಲ್ಲುಹಲ್ಲಾಗಿ ಹರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅದಕ್ಕೂ ಮೊದಲೇ ಆಗಿರುತ್ತದೆ. ಉಪ್ಪುಕಾಗದ ಹಿಡಿದ ಕೈ ಪಟ್ಟಿಯ ಬುಡದವರೆಗೆ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಹಳೆಯ ಬಣ್ಣದ ನುಣುಪೂ ಹಳೆಯ ಪಾಲಿಶಿನ ಮೇಣವೂ ಹಾಗೆಯೇ ಉಳಿದು, ಅವುಗಳ ಮೇಲೆ ಬಿದ್ದ ಹೊಸ ಬಣ್ಣ ಕಚ್ಚಿಕೊಳ್ಳದೆ ಒಂದೆರಡು ಮಳೆಗಾಲಗಳಲ್ಲಿ ಹೊಪ್ಪಳೆಯಾಗಿ ಏಳುತ್ತದೆ.

ಇನ್ನು ಪಟ್ಟಿಯ ಹಿಂದೆ ಏನಿದೆ ಎಂಬುದು ಬಿಚ್ಚಿ ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಈ ನೀರು ಪಟ್ಟಿಗೂ ತಗಡಿಗೂ ನಡುವಿನ ಸಂದಿಗೆ ಇಳಿದರೆ ಬೇಗ ಹೊರಬರುವುದಿಲ್ಲ, ಏಕೆಂದರೆ ಸಂದಿ ಕಿರಿದಾದಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚು. ತೋಟದ ರಸ್ತೆಯ ಕೆಂಪು ಮಣ್ಣು, ಮರಗಳಿಂದ ಉದುರಿದ ಎಲೆಯ ಚೂರು, ಪಾಚಿ ಇವೆಲ್ಲ ಅಲ್ಲಿ ಸೇರಿ ಒದ್ದೆ ಸ್ಪಂಜಿನಂತೆ ಕೆಲಸ ಮಾಡುತ್ತವೆ. ಸೆಪ್ಟೆಂಬರಿನಲ್ಲಿ ಕಾರಿನ ಮೈ ಒಣಗಿ ಫಳಫಳಿಸುತ್ತಿರುವಾಗಲೂ ಪಟ್ಟಿಯ ಹಿಂದಿನ ತಗಡು ಒದ್ದೆಯಾಗಿಯೇ ಇರುತ್ತದೆ. ಕ್ಲಿಪ್ಪು ಕೂರಲು ಕೊರೆದ ರಂಧ್ರಗಳ ಅಂಚಿನಲ್ಲಿ ಬಣ್ಣ ತೆಳುವಾಗಿರುವುದರಿಂದ ತುಕ್ಕು ಶುರುವಾಗುವುದು ಅಲ್ಲಿಂದಲೇ. ಆ ಪಟ್ಟಿಯನ್ನು ಬಿಚ್ಚದೆ ಬಣ್ಣ ಹೊಡೆದರೆ ತುಕ್ಕನ್ನು ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ.

ನಮ್ಮ ಮನೆಯ ಫಿಯಟ್ಟಿನಲ್ಲಿ ಆದದ್ದು ಇದೇ. ಬಹಳ ವರ್ಷಗಳ ಹಿಂದೆ ತಂದೆಯವರು ಅದನ್ನು ಜಿಲ್ಲೆಯ ಹೊರಗಿನ ಒಂದು ಕಾರ್ಯಾಗಾರಕ್ಕೆ ಬಣ್ಣಕ್ಕೆಂದು ಕೊಟ್ಟಿದ್ದರು. ಅಲ್ಲಿ ಎಡಬದಿಯ ಎರಡು ಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕಿತ್ತಿದ್ದರು, ಬಲಬದಿಯವನ್ನು ಟೇಪಿನ ಕೆಳಗೆ ಹಾಗೆಯೇ ಬಿಟ್ಟಿದ್ದರು. ಕಿತ್ತ ಪಟ್ಟಿಗಳು ಮೀಟಿದ ಜಾಗದಲ್ಲೆಲ್ಲ ಮೊಣಕೈಯಂತೆ ಬಗ್ಗಿದ್ದವು. ಕ್ಲಿಪ್ಪುಗಳು ಕಳೆದುಹೋಗಿದ್ದರಿಂದ ರಂಧ್ರಗಳಿಗೆ ಪುಟ್ಟಿ ತುಂಬಿ, ಪಟ್ಟಿಯನ್ನು ಅಂಟು ಹಾಕಿ ಕೂರಿಸಿ ಕಳುಹಿಸಿದರು. ಮುಂದಿನ ಮಳೆಗಾಲದಲ್ಲಿ ಅಂಟು ಬಿಟ್ಟು ಒಂದು ಪಟ್ಟಿ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಟೇಪಿನ ಕೆಳಗೆ ಉಳಿದಿದ್ದ ಬಲಬದಿಯಲ್ಲಿ ಬಾಗಿಲಿನ ತಗಡು ಪಟ್ಟಿಯ ಉದ್ದಕ್ಕೂ ಒಳಗಿನಿಂದ ತಿಂದುಹೋಗಿತ್ತು. ಬಿದ್ದುಹೋದ ಪಟ್ಟಿಗೆ ಬದಲಿ ಇಂದಿಗೂ ನನಗೆ ಸಿಕ್ಕಿಲ್ಲ.

ಸಿಗದಿರುವುದಕ್ಕೆ ಕಾರಣವಿದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ಫಿಯಟ್ 1100 ಡಿಲೈಟ್ ಎಂದು ತಯಾರಿಸಿದ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು 2000ದ ಆಸುಪಾಸಿನವರೆಗೆ ಬಂತು. ಮಾರಿಸ್ ಆಕ್ಸ್‌ಫರ್ಡ್ ಸರಣಿ ಮೂರನ್ನು ಆಧರಿಸಿದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಹೊರಬಂತು. ಎಂಜಿನ್ನಿನ ಭಾಗಗಳು ಈಗಲೂ ಹೇಗೋ ದೊರೆಯುತ್ತವೆ, ಏಕೆಂದರೆ ಅವಿಲ್ಲದೆ ಗಾಡಿ ಓಡುವುದಿಲ್ಲ. ಹೊಳಪಿನ ಭಾಗಗಳಿಲ್ಲದೆಯೂ ಗಾಡಿ ಓಡುತ್ತದೆ, ಆದ್ದರಿಂದ ಅವನ್ನು ಮತ್ತೆ ಮಾಡುವವರು ಕಡಿಮೆ. ಮಾಡಿದರೂ ತಗಡು ತೆಳು, ಬಾಗಿದ ರೇಖೆ ಬೇರೆ. ಅದರಲ್ಲೂ 1960 ಮತ್ತು 70ರ ದಶಕದ ಮಾದರಿಗಳ ಗ್ರಿಲ್, ಅಕ್ಷರ, ಪಟ್ಟಿಗಳು ಮುಂದಿನ ಮಾದರಿಗಳದಕ್ಕಿಂತ ಭಿನ್ನವಾಗಿರುವುದರಿಂದ, ಕೈಯಲ್ಲಿರುವ ತುಂಡೇ ಕೊನೆಯ ತುಂಡು ಎಂದು ತಿಳಿದು ಕೆಲಸಕ್ಕೆ ಇಳಿಯಬೇಕು.

ಈ ಕೆಲಸದ ಮೂಲಸೂತ್ರ ಇಲ್ಲಿಂದಲೇ ಹುಟ್ಟುತ್ತದೆ. ಪಟ್ಟಿ ಬಿಚ್ಚುವಾಗ ಏನಾದರೊಂದು ಹಾಳಾಗಲೇಬೇಕಾದ ಸಂದರ್ಭ ಬರುತ್ತದೆ. ಆಗ ಯಾವುದು ಹಾಳಾದರೆ ಪರವಾಗಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಕ್ಲಿಪ್ಪು ಮುರಿಯಬಹುದು, ನಟ್ಟನ್ನು ಕತ್ತರಿಸಬಹುದು, ಗಟ್ಟಿಯಾದ ರಬ್ಬರನ್ನು ಸೀಳಬಹುದು, ಹೇಗೂ ಕೆರೆದು ತೆಗೆಯಲಿರುವ ಹಳೆಯ ಬಣ್ಣದ ಮೇಲೆ ಗೀರು ಬೀಳಬಹುದು. ತಗಡಿನಲ್ಲಿ ತಗ್ಗು ಬಿದ್ದರೂ ಟಿಂಕರಿಂಗ್ ಮಾಡುವವರು ಸರಿಪಡಿಸುತ್ತಾರೆ. ಹೊಳಪಿನ ತುಂಡು ಮಾತ್ರ ಬಗ್ಗಬಾರದು, ಮುರಿಯಬಾರದು. ಬಣ್ಣಕ್ಕೆ ಗೀರು ಬಿದ್ದೀತೆಂಬ ಹೆದರಿಕೆಯಿಂದ ಮೀಟುವ ಭಾರವನ್ನೆಲ್ಲ ಪಟ್ಟಿಯ ಮೇಲೆ ಹಾಕುವವರನ್ನು ಕಂಡಿದ್ದೇನೆ. ಬಣ್ಣ ಹೊಡೆಯುವುದಕ್ಕಾಗಿಯೇ ಬಿಚ್ಚುತ್ತಿರುವಾಗ ಅದು ತಿರುವುಮುರುವಾದ ಲೆಕ್ಕ.

ಬಿಚ್ಚುವ ಮೊದಲು ಪ್ರತಿಯೊಂದು ತುಂಡೂ ಯಾವ ಲೋಹದ್ದೆಂದು ತಿಳಿಯಬೇಕು. ಹೊಳೆಯುವುದನ್ನೆಲ್ಲ ನಾವು ಕ್ರೋಮ್ ಎಂದೇ ಕರೆಯುತ್ತೇವೆ, ಆದರೆ ಒಂದೇ ಕಾರಿನಲ್ಲಿ ನಾಲ್ಕು ಬಗೆಯ ವಸ್ತುಗಳಿರಬಹುದು. ಬಂಪರ್ ಸಾಮಾನ್ಯವಾಗಿ ಉಕ್ಕಿನದು. ಅದರ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಲೇಪಿಸಿರುತ್ತಾರೆ, ಕೆಲವೊಮ್ಮೆ ನಿಕ್ಕಲ್ಲಿನ ಕೆಳಗೆ ತಾಮ್ರದ ಪದರವೂ ಇರುತ್ತದೆ. ಕಣ್ಣಿಗೆ ಕಾಣುವ ಹೊಳಪಿನ ಬಹುಪಾಲು ನಿಕ್ಕಲ್ಲಿನದೇ, ತುಕ್ಕನ್ನು ತಡೆಯುವುದೂ ಹತ್ತಾರು ಮೈಕ್ರಾನ್ ದಪ್ಪದ ಆ ನಿಕ್ಕಲ್ಲೇ. ಮೇಲಿನ ಕ್ರೋಮಿಯಂ ಅರ್ಧ ಮೈಕ್ರಾನಿನ ಆಸುಪಾಸು ಮಾತ್ರ ಇದ್ದು, ತಿಳಿನೀಲಿ ಛಾಯೆಯನ್ನೂ ಗೀರು ತಾಳುವ ಗಟ್ಟಿತನವನ್ನೂ ಕೊಡುತ್ತದೆ, ನಿಕ್ಕಲ್ ಮಂಕಾಗದಂತೆ ಕಾಯುತ್ತದೆ. ಈ ಅಳತೆ ತಿಳಿದಿದ್ದರೆ ಬಂಪರಿನ ತುಕ್ಕಿನ ಚುಕ್ಕೆಯ ಮೇಲೆ ಉಪ್ಪುಕಾಗದ ಆಡಿಸುವ ಮನಸ್ಸು ಯಾರಿಗೂ ಬರುವುದಿಲ್ಲ: ನಾಲ್ಕು ಸಲ ಉಜ್ಜಿದರೆ ಕ್ರೋಮಿಯಂ ಹೋಯಿತು, ಇನ್ನಷ್ಟು ಉಜ್ಜಿದರೆ ನಿಕ್ಕಲ್ಲೂ ಹೋಯಿತು.

ಎರಡನೆಯದು ಸತುವನ್ನು ಅಚ್ಚಿನಲ್ಲಿ ಎರಕ ಹೊಯ್ದು ಲೇಪಿಸಿದ ತುಂಡು. ಬಾಗಿಲಿನ ಹಿಡಿ, ಹೆಸರಿನ ಅಕ್ಷರ, ಬಾನೆಟ್ಟಿನ ಲಾಂಛನ, ದೀಪದ ಮನೆ ಮುಂತಾದವು ಹೆಚ್ಚಾಗಿ ಈ ಬಗೆಯವು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರವಿರುತ್ತದೆ, ಅಯಸ್ಕಾಂತ ಹಿಡಿಯುವುದಿಲ್ಲ, ಹಿಂಬದಿ ಮಂಕು ಬೂದುಬಣ್ಣವಾಗಿರುತ್ತದೆ. ಹಳತಾದಂತೆ ಲೇಪದ ಸೂಕ್ಷ್ಮ ರಂಧ್ರಗಳಿಂದ ತೇವ ಒಳಗಿಳಿದು, ಸತು ಬಿಳಿಯ ಪುಡಿಯಾಗಿ ಉಬ್ಬಿ, ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳೇಳುತ್ತವೆ. ಈ ಲೋಹ ಬಗ್ಗುವುದಿಲ್ಲ. ಸ್ವಲ್ಪ ಹೆಚ್ಚು ಒತ್ತಿದರೆ ಒಣ ಸೌದೆಯಂತೆ ಲಟಕ್ಕೆಂದು ಮುರಿಯುತ್ತದೆ. 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮುನ್ನವೇ ಕರಗುವುದರಿಂದ ತುಕ್ಕು ಹಿಡಿದ ನಟ್ಟು ಸಡಿಲಿಸಲೆಂದು ಗ್ಯಾಸ್ ಜ್ವಾಲೆ ಹಿಡಿಯುವುದು ಇಲ್ಲಿ ನಡೆಯುವುದಿಲ್ಲ.

ಬದಿಯ ಉದ್ದಪಟ್ಟಿಗಳು ಎಷ್ಟೋ ಕಾರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನವು. ಅವುಗಳ ಮೇಲೆ ಯಾವ ಲೇಪವೂ ಇಲ್ಲ, ಲೋಹವನ್ನೇ ಉಜ್ಜಿ ಹೊಳಪು ತಂದಿರುತ್ತಾರೆ. ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬ ನಂಬಿಕೆ ಬಲವಾಗಿದೆ, ಆದರೆ ಕಾರಿನ ಪಟ್ಟಿಗಳಿಗೆ ಬಳಸುವ ಬಗೆಗಳಲ್ಲಿ ಹಲವು ಅಯಸ್ಕಾಂತಕ್ಕೆ ಅಂಟುತ್ತವೆ. ಆದ್ದರಿಂದ ಹಿಂಬದಿಯನ್ನು ನೋಡುವುದೇ ಒಳ್ಳೆಯದು: ಹಿಂಬದಿಯಲ್ಲಿ ಕೆಂಪು ತುಕ್ಕಿದ್ದರೆ ಲೇಪಿಸಿದ ಉಕ್ಕು, ಒರೆಸಿದಾಗ ಶುಭ್ರ ಬೂದು ಲೋಹ ಕಂಡರೆ ಸ್ಟೇನ್‌ಲೆಸ್. ನಾಲ್ಕನೆಯದಾದ ಅಲ್ಯೂಮಿನಿಯಂ ಹಗುರತನದಿಂದಲೇ ಗುರುತು ಸಿಗುತ್ತದೆ. ಅದು ಎಲ್ಲಕ್ಕಿಂತ ಮೃದು, ಒಮ್ಮೆ ಮಡಿಕೆ ಬಿದ್ದರೆ ಗುರುತು ಉಳಿಯುತ್ತದೆ. ಅದರ ಮೇಲಿನ ರಕ್ಷಣೆಯ ಪದರವನ್ನು ಕಾಸ್ಟಿಕ್ ಸೋಡ ಕರಗಿಸುತ್ತದೆ, ಸತುವನ್ನೂ ತಿನ್ನುತ್ತದೆ. ಆದ್ದರಿಂದ ಕಾಸ್ಟಿಕ್ ಇರುವ ಬಣ್ಣ ಕೀಳುವ ದ್ರವದ ಬಾನಿಯಲ್ಲಿ ಇವೆರಡನ್ನೂ ಮುಳುಗಿಸಬಾರದು.

ಇಷ್ಟಾದ ಮೇಲೆ ಕೈಗೆ ಸ್ಪ್ಯಾನರ್ ಅಲ್ಲ, ಕ್ಯಾಮೆರಾ ಬರಬೇಕು. ಪ್ರತಿ ತುಂಡನ್ನೂ ದೂರದಿಂದ ಒಂದು, ಹತ್ತಿರದಿಂದ ಎರಡು ಚಿತ್ರ ತೆಗೆದು, ಪಟ್ಟಿಯ ತುದಿ ಬಾಗಿಲಿನ ಅಂಚಿನಿಂದ ಎಷ್ಟು ಮಿಲಿಮೀಟರ್ ಒಳಗಿದೆ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಮುಂದಿನ ಬಾಗಿಲಿನ ಪಟ್ಟಿ ಹಿಂದಿನ ಬಾಗಿಲಿನ ಪಟ್ಟಿಗೆ ನೇರವಾಗಿ ಕೂರಬೇಕಾದರೆ ಆರು ತಿಂಗಳ ನಂತರ ನೆನಪು ಸಾಲುವುದಿಲ್ಲ, ಆ ಅಳತೆಯೇ ಬೇಕು. ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಅದರ ಮೇಲೆ ಕಾರಿನ ಒಂದು ಬದಿಯ ಗೆರೆಚಿತ್ರ ಬರೆದು, ಯಾವ ಜಾಗದಿಂದ ತೆಗೆದ ಕ್ಲಿಪ್ಪು ಮತ್ತು ಸ್ಕ್ರೂ ಆಯಾ ಜಾಗದಲ್ಲೇ ರಟ್ಟಿಗೆ ಚುಚ್ಚಿಡುವುದು ನನಗೆ ತಿಳಿದಂತೆ ಅತ್ಯಂತ ನಂಬಲರ್ಹವಾದ ಕ್ರಮ. ಮುರಿದ ಕ್ಲಿಪ್ಪನ್ನೂ ಎಸೆಯಬಾರದು. ಹೊಸದನ್ನು ಹುಡುಕಲು ಅಥವಾ ಮಾಡಿಸಲು ಮಾದರಿಯಾಗಿ ಅದೇ ಬೇಕಾಗುತ್ತದೆ.

ಮೀಟಲು ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟುಗೋಲುಗಳು ಸಿಗುತ್ತವೆ, ಆದರೆ ನಮ್ಮಲ್ಲಿ ಬಿದಿರಿಗೆ ಕೊರತೆಯಿಲ್ಲ. ಚೆನ್ನಾಗಿ ಬಲಿತು ಒಣಗಿದ ಬಿದಿರನ್ನು ಹೆಬ್ಬೆರಳಿನಗಲಕ್ಕೆ ಸೀಳಿ, ತುದಿಯನ್ನು ಉಗುರಿನಂತೆ ತೆಳುವಾಗಿ ಗುಂಡಗೆ ಹೆರೆದರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿ, ಉಕ್ಕಿಗಿಂತ ಮೃದು. ಒಂದು ಎಚ್ಚರಿಕೆ ಮಾತ್ರ ಬೇಕು. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಅದು ಹೊಳಪಿನ ಲೋಹಕ್ಕೆ ಗೀರು ಮಾಡಬಲ್ಲದು. ಒಳಮೈ ಪಟ್ಟಿಯ ಕಡೆಗೆ, ಸಿಪ್ಪೆ ತಗಡಿನ ಕಡೆಗೆ ಇರಬೇಕು. ಇಂಥ ನಾಲ್ಕಾರು ಚಕ್ಕೆಗಳು, ಮಾಸ್ಕಿಂಗ್ ಟೇಪು, ಪುಟ್ಟಿ ಹಚ್ಚುವ ಅಗಲವಾದ ಅಲಗು ಒಂದು, ಆಳವಾದ ಸಾಕೆಟ್ ಸ್ಪ್ಯಾನರುಗಳು, ಇಕ್ಕಟ್ಟಿಗೆ ಬೆಳಕು ಬೀರುವ ಸಣ್ಣ ಟಾರ್ಚು, ಹಲ್ಲಿನ ವೈದ್ಯರು ಬಳಸುವಂಥ ಕನ್ನಡಿ ಇಷ್ಟಿದ್ದರೆ ಸಾಕು.

ಬದಿಯ ಪಟ್ಟಿಯ ಅಡ್ಡಸೀಳನ್ನು ನೋಡಿದರೆ ಅದು ಮಗುಚಿದ ದೋಣಿಯಂತಿರುತ್ತದೆ; ಎರಡೂ ಅಂಚುಗಳು ಒಳಕ್ಕೆ ಮಡಚಿರುತ್ತವೆ. ಬಾಗಿಲಿನ ತಗಡಿನ ರಂಧ್ರಗಳಲ್ಲಿ ಕೂತ ಸ್ಪ್ರಿಂಗ್ ಕ್ಲಿಪ್ಪುಗಳು ಆ ಮಡಿಕೆಗಳನ್ನು ಒಳಗಿನಿಂದ ಹಿಡಿದಿರುತ್ತವೆ. ಹಲವು ಕಾರುಗಳಲ್ಲಿ ಕ್ಲಿಪ್ಪಿನಿಂದ ಕ್ಲಿಪ್ಪಿಗೆ ಹೆಚ್ಚುಕಡಿಮೆ ಒಂದು ಗೇಣು ಅಂತರ. ಇದಲ್ಲದೆ ಪಟ್ಟಿಯ ಒಂದು ತುದಿಯಲ್ಲೋ ಎರಡೂ ತುದಿಗಳಲ್ಲೋ, ಪಟ್ಟಿ ಜಾರದಂತೆ ಒಂದು ಸಣ್ಣ ಬೋಲ್ಟು ತಗಡಿನ ಮೂಲಕ ಒಳಕ್ಕೆ ಹೋಗಿ, ಅದಕ್ಕೆ ಬಾಗಿಲಿನ ಒಳಗಡೆ ನಟ್ಟು ಬಿಗಿದಿರುತ್ತದೆ. ಹೊರಗಿನಿಂದ ಈ ನಟ್ಟು ಕಾಣುವುದಿಲ್ಲ. ಪಟ್ಟಿಗಳು ತುದಿಯಲ್ಲೇ ಬಗ್ಗಿರುವುದನ್ನು ಎಲ್ಲ ಕಡೆ ಕಾಣುತ್ತೇವಲ್ಲ, ಅದು ಆ ನಟ್ಟು ಇದೆಯೆಂದು ತಿಳಿಯದೆ ಎಳೆದುದರ ಫಲ.

ನಮ್ಮ ಬಲಬದಿಯ ಹಿಂಬಾಗಿಲಿನ ಪಟ್ಟಿ ಬಿಚ್ಚುವ ದಿನ ಗೋಣಿಕೊಪ್ಪದಿಂದ ಬಂದಿದ್ದ ಹಿರಿಯ ಟಿಂಕರ್ ಒಬ್ಬರು ನಾನು ಚಕ್ಕೆ ಹಿಡಿದು ಕೂತದ್ದನ್ನು ಕಂಡು, "ಸಾರ್, ಮೊದಲು ಒಳಗಿನ ಪ್ಯಾಡ್ ಬಿಚ್ಚಿ, ತುದಿಯ ನಟ್ಟು ಅಲ್ಲಿರುತ್ತೆ" ಎಂದರು. ಗಾಜು ಏರಿಸುವ ಹಿಡಿಯನ್ನೂ ಬಾಗಿಲಿನ ಪ್ಯಾಡನ್ನೂ ತೆಗೆದು ಟಾರ್ಚು ಬಿಟ್ಟಾಗ ನಟ್ಟು ಕಂಡಿತು, ತುಕ್ಕಿನಿಂದ ಕಡಲೆಕಾಯಿಯಂತೆ ಉಬ್ಬಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು. ಮರುದಿನ ಅವರು ಅದನ್ನು ಸಡಿಲಿಸುವ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿದರು. ತುಕ್ಕಿನ ಹಿಡಿತ ಟಿಕ್ಕೆಂದು ಬಿಟ್ಟಿತು, ಆಮೇಲೆ ನಟ್ಟು ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಎಂಬಂತೆ ಹೊರಬಂತು. ಅನಂತರ ಪಟ್ಟಿಯ ಮೇಲ್ಅಂಚಿನ ತಗಡಿಗೆ ಎರಡು ಪದರ ಟೇಪು ಅಂಟಿಸಿ, ಮೊದಲ ಕ್ಲಿಪ್ಪಿನ ಎಡಕ್ಕೊಂದು ಬಲಕ್ಕೊಂದು ಬಿದಿರಿನ ಚಕ್ಕೆ ತೂರಿಸಿ, ಎರಡನ್ನೂ ಒಟ್ಟಿಗೆ ಸ್ವಲ್ಪವೇ ಒತ್ತಿದೆವು. ಕ್ಲಿಪ್ಪಿನ ಒಂದು ತುಟಿ ಬಿಟ್ಟಿತು. ಹಾಗೆಂದು ಅಲ್ಲೇ ಪಟ್ಟಿಯನ್ನು ಮೇಲೆತ್ತಲಿಲ್ಲ. ಮೂರು ಮಿಲಿಮೀಟರಿನಷ್ಟು ಎದ್ದ ಜಾಗದಲ್ಲಿ ಒಂದು ಚಕ್ಕೆಯನ್ನು ಹಾಗೇ ಬಿಟ್ಟು ಮುಂದಿನ ಕ್ಲಿಪ್ಪಿಗೆ ಹೋದೆವು. ಹೀಗೆ ಇಡೀ ಪಟ್ಟಿ ಉದ್ದಕ್ಕೂ ಸಮನಾಗಿ ಎದ್ದ ಮೇಲೆ ಇಬ್ಬರೂ ಎರಡು ತುದಿ ಹಿಡಿದು ತೆಗೆದೆವು. ಒಂದೂ ಮಡಿಕೆಯಿಲ್ಲದೆ ಬಂತು. ಒಂದು ಬಾಗಿಲಿಗೆ ಅರ್ಧ ದಿನ ಹಿಡಿಯಿತು, ಆ ಅರ್ಧ ದಿನ ನನಗೆ ಒಂದಿಷ್ಟೂ ಹೆಚ್ಚೆನಿಸಲಿಲ್ಲ.

ಹೆಸರಿನ ಅಕ್ಷರ ಮತ್ತು ಲಾಂಛನಗಳ ವಿಷಯದಲ್ಲಿ ಇನ್ನೂ ಹೆಚ್ಚು ತಾಳ್ಮೆ ಬೇಕು. ಅವುಗಳ ಬೆನ್ನಿನಿಂದ ಎರಕದಲ್ಲೇ ಮೂಡಿದ ಸಣ್ಣ ಕಡ್ಡಿಗಳು ತಗಡಿನ ರಂಧ್ರ ದಾಟಿ ಒಳಗೆ ಬಂದಿರುತ್ತವೆ. ಅವುಗಳಿಗೆ ತೆಳು ಸ್ಪ್ರಿಂಗ್ ತಗಡಿನ ನಟ್ಟು ಒತ್ತಿರುತ್ತದೆ ಅಥವಾ ತಿರುಗಿಸಿರುತ್ತದೆ. ಕಡ್ಡಿ ಸತುವಿನದು, ನಟ್ಟು ಉಕ್ಕಿನದು. ಒದ್ದೆಯಲ್ಲಿ ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಸತುವೇ ಮೊದಲು ಸವೆಯುತ್ತದೆ. ಆದ್ದರಿಂದ ನಟ್ಟು ತಿರುಗಿಸಹೋದರೆ ನಟ್ಟಿನೊಡನೆ ಕಡ್ಡಿಯೇ ತಿರುಚಿಕೊಂಡು ತುಂಡಾಗುತ್ತದೆ. ಇಲ್ಲಿ ನಟ್ಟನ್ನೇ ಬಲಿಕೊಡಬೇಕು: ತುದಿ ಚೂಪಾದ ಕಟ್ಟಿಂಗ್ ಪ್ಲೈಯರಿನಿಂದ ಸ್ಪ್ರಿಂಗ್ ತಗಡನ್ನು ಎರಡು ಕಡೆ ಕತ್ತರಿಸಿದರೆ ಕಡ್ಡಿಗೆ ನೋವಾಗದೆ ಬಿಡಿಸಿಕೊಳ್ಳುತ್ತದೆ. ಹಿಂಬದಿಗೆ ಕೈ ಹೋಗದ ಕಡೆ, ಕಡ್ಡಿಗಳು ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆಗಳಲ್ಲಿ ಸುಮ್ಮನೆ ಒತ್ತಿ ಕೂತಿರುವ ಸಾಧ್ಯತೆಯಿದೆ. ಆಗ ಹೇರ್ ಡ್ರೈಯರಿನ ಬಿಸಿ ಕೊಟ್ಟು, ಗಾಳದ ನೈಲಾನ್ ದಾರವನ್ನು ಅಕ್ಷರದ ಬೆನ್ನಿಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಎಳೆಯುತ್ತ ಪ್ರತಿ ಕಡ್ಡಿಯ ಬಳಿಯೂ ಸ್ವಲ್ಪಸ್ವಲ್ಪವೇ ಎಬ್ಬಿಸಬೇಕು. ಹೊಸ ಕಾಲದ ಕಾರುಗಳಲ್ಲಿ ಅಂಟುಟೇಪಿನಿಂದಲೇ ಕೂರಿಸಿದ ಪಟ್ಟಿಗಳಿಗೂ ಇದೇ ದಾರದ ಉಪಾಯ ಹೊಂದುತ್ತದೆ.

ಬಾಗಿಲಿನ ಹಿಡಿಗೆ ಒಳಗಡೆಯಿಂದ ನಟ್ಟು ಅಥವಾ ಸ್ಕ್ರೂ ಇರುತ್ತದೆ. ಪ್ಯಾಡ್ ಬಿಚ್ಚಿದ್ದೇವೆಂದ ಮೇಲೆ ಅದು ಸುಲಭ. ಹಿಡಿಯ ಕೆಳಗಿನ ರಬ್ಬರ್ ಹಾಸು ಬಣ್ಣಕ್ಕೆ ಅಂಟಿರುವುದರಿಂದ ಎಳೆಯದೆ ದಾರದಿಂದ ಬಿಡಿಸಬೇಕು. ಹೆಡ್‌ಲೈಟಿನ ಬಳೆ ಸಾಮಾನ್ಯವಾಗಿ ಮೇಲೆ ಒಂದು ಕೊಕ್ಕೆಯಿಂದಲೂ ಕೆಳಗೆ ಒಂದು ಸ್ಕ್ರೂವಿನಿಂದಲೂ ನಿಂತಿರುತ್ತದೆ. ದೀಪಗಳಿಗೆ ಕೈ ಹಾಕುವ ಮೊದಲು ಬ್ಯಾಟರಿಯ ತಂತಿ ಬಿಡಿಸುವುದನ್ನು ಮರೆಯಬಾರದು. ಗ್ರಿಲ್ಲಿನ ಬಗ್ಗೆ ಹೇಳುವುದಾದರೆ, ಆಯುಧಪೂಜೆಯ ದಿನ ಹೂವಿನ ಹಾರ ಕಟ್ಟಲು ಬಳಸಿದ ಕಬ್ಬಿಣದ ತಂತಿಯ ತುಂಡುಗಳು ಅದರ ಸಂದಿಗಳಲ್ಲಿ ವರ್ಷಗಳಿಂದ ಉಳಿದು ತುಕ್ಕು ಬಿಟ್ಟಿರುವುದನ್ನು ಹಲವು ಕಾರುಗಳಲ್ಲಿ ನೋಡಿದ್ದೇನೆ. ನೂಲಿನ ದಾರದಲ್ಲಿ ಕಟ್ಟಿದರೆ ಹಾರ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ.

ಮುಂಗಾಜಿನ ಸುತ್ತಲಿನ ಹೊಳಪಿನ ಪಟ್ಟಿ ರಬ್ಬರ್ ಬೀಡಿಂಗಿನ ಸೀಳಿನೊಳಗೆ ಕೂತಿರುವ ಕಾರುಗಳಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ: ಬೀಡಿಂಗನ್ನು ಉಳಿಸಲು ಹೋಗಬೇಡಿ. ಮೂವತ್ತು ನಲವತ್ತು ವರ್ಷದ ರಬ್ಬರ್ ಕಲ್ಲಿನಂತಾಗಿರುತ್ತದೆ. ಅದರಿಂದ ಪಟ್ಟಿಯನ್ನು ಎಳೆದರೆ ಮೂಲೆಯ ಬಾಗು ಹಾಳಾಗುತ್ತದೆ, ಗಾಜಿನ ಅಂಚಿಗೆ ಪೆಟ್ಟು ಬಿದ್ದು ಗಾಜೂ ಸೀಳಬಹುದು. ಚೂಪಾದ ಚಾಕುವಿನಿಂದ ಬೀಡಿಂಗಿನ ಹೊರತುಟಿಯನ್ನು ಸುತ್ತಲೂ ಕೊಯ್ದರೆ ಪಟ್ಟಿ ತಾನಾಗಿ ಬಿಡಿಸಿಕೊಳ್ಳುತ್ತದೆ, ಗಾಜೂ ಸಲೀಸಾಗಿ ಹೊರಬರುತ್ತದೆ. ಬೀಡಿಂಗ್ ಹೊಸದಾಗಿ ಸಿಗುತ್ತದೆ. ಚಾವಣಿಯ ಅಂಚಿನ ನೀರುಕಾಲುವೆಗೆ ತೊಡಿಸಿದ ಪಟ್ಟಿ ಇದ್ದರೆ ಅದು ಎಲ್ಲಕ್ಕಿಂತ ನಾಜೂಕು. ಅದು ಕಾಲುವೆಯ ತುಟಿಯನ್ನು ಮೇಲಿನಿಂದ ಕೆಳಕ್ಕೆ ಅಪ್ಪಿರುತ್ತದೆ. ಕೆಳ ಅಂಚಿನಿಂದ ಶುರುಮಾಡಿ ಒಂದೊಂದು ಅಂಗುಲದಂತೆ ಬಿಡಿಸುತ್ತ ಹೋಗಬೇಕು, ಬಿಡಿಸಿದ ಭಾಗ ಜೋತುಬೀಳದಂತೆ ಇನ್ನೊಬ್ಬರು ಹಿಡಿದುಕೊಂಡಿರಬೇಕು.

ಬಂಪರಿಗೆ ಬೇಕಾದದ್ದು ಜಾಣ್ಮೆಗಿಂತ ಹೆಚ್ಚಾಗಿ ಸಮಯ. ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ ಹೋಗುವ ಬೋಲ್ಟುಗಳು ಚಕ್ರದಿಂದ ಎರಚುವ ಕೆಸರಿನಲ್ಲೇ ಬದುಕಿರುವುದರಿಂದ, ಎರಡು ಮೂರು ದಿನ ಬೆಳಿಗ್ಗೆ ಸಂಜೆ ಎಣ್ಣೆ ಹಾಕಿ ಬಿಟ್ಟು ಅನಂತರ ಸ್ಪ್ಯಾನರ್ ಇಡಬೇಕು. ಹೊರಗಿನಿಂದ ಕಾಣುವ ಹೊಳಪಿನ ಗುಂಡುತಲೆಯ ಬೋಲ್ಟುಗಳ ಕುತ್ತಿಗೆ ಚೌಕಾಕಾರದಲ್ಲಿದ್ದು ಚೌಕ ರಂಧ್ರದಲ್ಲಿ ಕೂತಿರುತ್ತದೆ. ಆ ರಂಧ್ರ ತುಕ್ಕಿನಿಂದ ಅಗಲವಾಗಿದ್ದರೆ ಬೋಲ್ಟು ಇದ್ದಲ್ಲೇ ಸುತ್ತುತ್ತದೆ. ಆಗ ಗುಂಡುತಲೆಯನ್ನು ಪ್ಲೈಯರಿನಿಂದ ಹಿಡಿಯದೆ ಹಿಂಬದಿಯ ನಟ್ಟನ್ನೇ ಸೀಳಬೇಕು. ಕೊನೆಯ ಬೋಲ್ಟು ಬಿಚ್ಚುವ ಮುನ್ನ ಇಬ್ಬರು ಎರಡು ತುದಿ ಹಿಡಿದಿರಲಿ, ಉಕ್ಕಿನ ಬಂಪರಿನ ತೂಕ ಚಿಕ್ಕದಲ್ಲ.

ಈ ಎಲ್ಲ ಎಣ್ಣೆಯ ಕೆಲಸಕ್ಕೆ ಒಂದು ಷರತ್ತಿದೆ. ಸಿಲಿಕೋನ್ ಇರುವ ಸ್ಪ್ರೇಗಳನ್ನು ಬಣ್ಣ ಹೊಡೆಯುವ ಗಾಡಿಯ ಹತ್ತಿರ ತರಬಾರದು. ಅದರ ಸೋಂಕು ತಗಡಿನ ಮೇಲೆ ಉಳಿದರೆ ಹೊಸ ಬಣ್ಣ ಆ ಜಾಗದಲ್ಲಿ ಹರಡಿಕೊಳ್ಳದೆ ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ. ಬೇರೆ ಎಣ್ಣೆಯಾದರೂ ಕೆಲಸ ಮುಗಿದ ದಿನವೇ ಥಿನ್ನರಿನಿಂದ ಒರೆಸಿಬಿಡಬೇಕು, ರಂಧ್ರಗಳ ಹಿಂಬದಿಯನ್ನೂ. ಹಳೆಯ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ ಮತ್ತು ಕೆಂಪು ಛಾಯೆಗಳಲ್ಲಿ, ಸೀಸದ ಅಂಶ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ ನೀರು ಹಾಕಿ ಉಜ್ಜುವುದು ಮತ್ತು ಮುಖಕ್ಕೆ ಸರಿಯಾದ ಮುಸುಕು ಹಾಕುವುದು ಒಳ್ಳೆಯದು. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಬೇಡ.

ಬಿಚ್ಚಿದ ಮೇಲೆ ಕಾಣುವ ರಂಧ್ರಗಳು ಹಲವರನ್ನು ಒಂದು ಆಸೆಗೆ ಎಳೆಯುತ್ತವೆ: ಇವನ್ನೆಲ್ಲ ಬೆಸುಗೆ ಹಾಕಿ ಮುಚ್ಚಿ ಮೈಯನ್ನು ನುಣ್ಣಗೆ ಮಾಡಿಬಿಟ್ಟರೆ ಮುಂದೆ ತುಕ್ಕಿನ ತಲೆನೋವೇ ಇಲ್ಲವಲ್ಲ ಎಂದು. ಮಾಲೀಕರ ಇಷ್ಟಕ್ಕೆ ಅಡ್ಡಬರಲಾರೆ, ಆದರೆ ಅದು ನನಗೆ ಒಪ್ಪಿಗೆಯಾಗದ ಮಾತು. ಆ ಕಾಲದ ವಿನ್ಯಾಸಕಾರರು ಕಾರಿನ ಎತ್ತರವನ್ನು ಕಣ್ಣಿಗೆ ತಗ್ಗಿಸಿ ಉದ್ದವನ್ನು ಹೆಚ್ಚಿಸಿ ತೋರಿಸಲು ಆ ಪಟ್ಟಿಯ ಗೆರೆಯನ್ನೇ ನೆಚ್ಚಿಕೊಂಡಿದ್ದರು; ಗೆರೆ ಹೋದರೆ ಬಾಗಿಲು ಬೋಳು ಗೋಡೆಯಾಗುತ್ತದೆ. ರಂಧ್ರದ ಸುತ್ತ ಹೊಳೆಯುವ ಲೋಹ ಬರುವವರೆಗೆ ತುಕ್ಕು ಕೆರೆದು, ರಂಧ್ರದ ಅಂಚಿಗೂ ಒಳಮೈಗೂ ಸಣ್ಣ ಕುಂಚದಿಂದ ಎಪಾಕ್ಸಿ ಪ್ರೈಮರ್, ಅಂದರೆ ಬಣ್ಣಕ್ಕೆ ಮುನ್ನ ಕೊಡುವ ತುಕ್ಕುತಡೆಯ ಲೇಪ, ಹಚ್ಚಿದರೆ ಸಾಕು. ತುಕ್ಕು ತಿಂದು ರಂಧ್ರ ದೊಡ್ಡದಾಗಿದ್ದರೆ ಅಲ್ಲಿಗೆ ಹೊಸ ತಗಡು ಬೆಸೆದು, ಮೊದಲು ಬರೆದಿಟ್ಟ ಅಳತೆಯ ಪ್ರಕಾರ ಮತ್ತೆ ಕೊರೆಯಬೇಕು. ಪುಟ್ಟಿಯಲ್ಲಿ ಕೊರೆದ ರಂಧ್ರ ಕ್ಲಿಪ್ಪನ್ನು ಹಿಡಿಯುವುದಿಲ್ಲ.

ಕಾಲದ ಲೆಕ್ಕವನ್ನೂ ನಮ್ಮ ಊರಿಗೆ ಹೊಂದಿಸಿಕೊಳ್ಳಬೇಕು. ಬಿಚ್ಚುವುದು, ಅಳೆಯುವುದು, ಪಟ್ಟಿ ಶುಚಿಮಾಡುವುದು ಇವಕ್ಕೆ ಮಳೆಗಾಲ ಅಡ್ಡಿಯಲ್ಲ, ಶೆಡ್ಡು ಸೋರದಿದ್ದರಾಯಿತು. ಆದರೆ ಬಣ್ಣ ಕೆರೆದ ತಗಡನ್ನು ಆ ತೇವದಲ್ಲಿ ಒಂದು ರಾತ್ರಿಯೂ ಬರಿಮೈಯಲ್ಲಿ ಬಿಡಬಾರದು. ಕೆರೆದ ದಿನವೇ ಪ್ರೈಮರ್ ಬೀಳಬೇಕು. ಬಣ್ಣ ಹೊಡೆಯಲು ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ದಿನಗಳು ಸೂಕ್ತ. ತೇವದ ಗಾಳಿಯಲ್ಲಿ ಡ್ಯೂಕೊ, ಅಂದರೆ ಥಿನ್ನರ್ ಆರಿ ಬೇಗ ಒಣಗುವ ಬಣ್ಣ ಹೊಡೆದರೆ ಅದು ಒಣಗುವಾಗ ತಣ್ಣಗಾಗಿ, ಮೇಲೆ ತೇವ ಕೂತು, ಬಿಳಿ ಮಂಜು ಹಿಡಿದಂತಾಗುತ್ತದೆ. ಅದೇ ತಿಂಗಳುಗಳು ಕಾಫಿ ಕೊಯ್ಲಿನ ದಿನಗಳೂ ಆಗಿರುವುದು ತೋಟದವರಿಗೆ ಕಷ್ಟ. ಹಾಗಿದ್ದರೂ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬರುವವರೆಗೆ ಕಾಯುವುದು ಸರಿಯಲ್ಲ.

ಬಿಚ್ಚಿದ ತುಂಡುಗಳನ್ನು ಈ ನಡುವೆ ಎಲ್ಲಿಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಗೋಣಿಚೀಲವೂ ಪತ್ರಿಕೆಯ ಕಾಗದವೂ ತೇವ ಹೀರಿ ಹಿಡಿದಿಡುತ್ತವೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವವರೂ ಇದ್ದಾರೆ, ಆದರೆ ಸೌದೆಯ ಹೊಗೆಯಲ್ಲಿ ಆಮ್ಲದ ಅಂಶವಿರುವುದರಿಂದ ಸತುವಿನ ತುಂಡುಗಳಿಗೆ ಅದು ಮಳೆಗಿಂತ ಕೆಟ್ಟದ್ದು. ತೊಳೆದು ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಉದ್ದಪಟ್ಟಿಗಳನ್ನು ಒಂದು ಹಲಗೆಗೆ ಮೂರು ಕಡೆ ಮೆಲ್ಲಗೆ ಕಟ್ಟಿ, ಜನ ಓಡಾಡುವ ಕೋಣೆಯ ಕಪಾಟಿನ ಮೇಲಿಟ್ಟರೆ ಸುರಕ್ಷಿತ.

ಶುಚಿಗೊಳಿಸುವಾಗ ಲೋಹಕ್ಕೆ ತಕ್ಕ ಕ್ರಮ. ಸ್ಟೇನ್‌ಲೆಸ್ ಪಟ್ಟಿಯ ತಗ್ಗನ್ನು ಹಿಂಬದಿಯಿಂದ ಮರದ ತುಂಡಿನ ಆಸರೆಯಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ ಏರಿಸಿ, 400, 600, 1000, 2000 ಸಂಖ್ಯೆಯ ನೀರುಕಾಗದಗಳಿಂದ, ಅಂದರೆ ನೀರಿನಲ್ಲಿ ಅದ್ದಿ ಬಳಸುವ ಉಪ್ಪುಕಾಗದಗಳಿಂದ, ಕ್ರಮವಾಗಿ ಉಜ್ಜಿ, ಕೊನೆಗೆ ಬಫ್ ಚಕ್ರಕ್ಕೆ ಹಿಡಿದರೆ ಹೊಸದರ ಹೊಳಪೇ ಬರುತ್ತದೆ, ಏಕೆಂದರೆ ಅಲ್ಲಿ ಸವೆದುಹೋಗಲು ಲೇಪವೇ ಇಲ್ಲ. ಲೇಪವಿರುವ ಉಕ್ಕಿನ ಮೇಲಿನ ತುಕ್ಕಿನ ಕಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಬೇಕು. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೃದುವಾದ್ದರಿಂದ ಕಲೆ ಹೋಗುತ್ತದೆ, ಲೇಪ ಉಳಿಯುತ್ತದೆ. ಗುಳ್ಳೆಯೆದ್ದ ಸತುವಿನ ತುಂಡಿಗೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಯಿಲ್ಲ. ಹಳೆಯ ಲೇಪ ತೆಗೆದು, ಪ್ರತಿ ಕುಳಿಯನ್ನೂ ಬಿಡಿಸಿ ತುಂಬಿ, ತಾಮ್ರದಿಂದ ಶುರುಮಾಡಿ ಮತ್ತೆ ಲೇಪಿಸಬೇಕು. ಲೇಪಿಸುವವರಿಗೆ ಕೊಡುವಾಗ ತುಂಡು ಸತುವಿನದೆಂದು ಬಾಯಿಬಿಟ್ಟು ಹೇಳಿ, ಚೀಟಿಯನ್ನೂ ಕಟ್ಟಿ ಕೊಡಿ. ಉಕ್ಕಿಗೆ ಬಳಸುವ ಆಮ್ಲದಲ್ಲಿ ಅದ್ದಿದರೆ ಅದು ಕರಗಿ ಹಾಳಾಗುತ್ತದೆ.

ಮತ್ತೆ ಕೂರಿಸುವಾಗ ಅವಸರ ಬೇಡ. ಹೊಸ ಬಣ್ಣ ಕೈಗೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಕ್ಲಿಪ್ಪಿನ ಒತ್ತಡಕ್ಕೆ ಗುರುತು ಬೀಳುತ್ತದೆ. ಮಡಿಕೇರಿಯ ಚಳಿಯಲ್ಲಿ ಎರಡು ಮೂರು ವಾರ ಬಿಡುವುದು ಒಳ್ಳೆಯದು. ಕ್ಲಿಪ್ಪು ತಗಡನ್ನು ಮುಟ್ಟುವ ಜಾಗಕ್ಕೆ ತೆಳು ಪ್ಲಾಸ್ಟಿಕ್ ಟೇಪಿನ ಚೂರು ಇಟ್ಟು, ಪ್ರತಿ ರಂಧ್ರದ ಸುತ್ತ ಗಟ್ಟಿಯಾಗದ ಬ್ಯೂಟೈಲ್ ಅಂಟಿನ ಸಣ್ಣ ಬಳೆ ಮಾಡಿ ಕೂರಿಸಿದರೆ ನೀರು ಒಳಗಿಳಿಯುವುದಿಲ್ಲ. ಬಾಗಿಲಿನ ತಳದಲ್ಲಿರುವ ನೀರುರಂಧ್ರಗಳು ಬಣ್ಣದಿಂದ ಮುಚ್ಚಿಹೋಗಿಲ್ಲವೆಂದು ಒಂದು ಕಡ್ಡಿ ಆಡಿಸಿ ನೋಡಿ. ಪಟ್ಟಿಯನ್ನು ಅಂಗೈಯಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಒತ್ತುತ್ತ ಹೋದಂತೆ ಒಂದೊಂದು ಕ್ಲಿಪ್ಪೂ ಕೂತ ಸದ್ದು ಕೇಳಬೇಕು. ಕೊನೆಯಲ್ಲಿ ಬಾಗಿಲಿನ ಒಳಗಿನ ಆ ತುದಿಯ ನಟ್ಟನ್ನು ಹೊಸ ವಾಷರಿನೊಡನೆ ಬೆರಳಿನಿಂದ ಬಿಗಿದು, ಸ್ಪ್ಯಾನರಿನಿಂದ ಇನ್ನು ಕಾಲು ಸುತ್ತು ಮಾತ್ರ ಕೊಟ್ಟು, ಅನಂತರ ಪ್ಯಾಡನ್ನು ಮುಚ್ಚಬೇಕು.